ತಿರುಗಿ ಹೊಂಟ ಕುರುಬ

ಆ ಶನಿವಾರ ಜಗಳ ಶುರುವಾದದ್ದು ರೊಟ್ಟಿಯ ಹಂಚಿನ ಮುಂದೆ.

ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು, ಅವಳ ಅತ್ತೆ ಸಾವಿತ್ರವ್ವ ಬೇಯಿಸುತ್ತಿದ್ದಳು. ಕಸ್ತೂರಿಯ ಮಗಳು ದ್ರಾಕ್ಷಾಯಿಣಿ ಕಾಲೇಜಿನಿಂದ ಬಂದವಳು ಬದನೆಕಾಯಿ ಹೆಚ್ಚುತ್ತ, ಪಕ್ಕದಲ್ಲಿ ಫೋನಿಟ್ಟುಕೊಂಡು ಯಲ್ಲಾರಿಯ ಹಾಡು ಹಚ್ಚಿದ್ದಳು. ಒಂದು ಹಾಡು ಮುಗಿದು ಇನ್ನೊಂದು ತಾನಾಗಿಯೇ ಬಂತು. ಡೊಳ್ಳು ಎರಡೇಟು ಬಿದ್ದದ್ದೇ ತಡ, ಅವಳು ಮೊಣಕೈಯಿಂದ ಒತ್ತಿ ಬಂದ್ ಮಾಡಿದಳು.

"ಯಾಕ ಬಂದ್ ಮಾಡಿದಿ? ಹಾಕ ಅದನ್ನ. ಕುರಿ ಪದಾ ಅದು," ಎಂದಳು ಸಾವಿತ್ರವ್ವ.

"ಬ್ಯಾಡ ಆಯಿ. ಹೊಸಾದು ಅದು. ಚಲೋ ಇಲ್ಲ."

"ನಿನಗ ಚಲೋ ಇಲ್ಲ. ನನಗ ಚಲೋ ಐತಿ."

ನಿಡಸೋಸಿಯ ಎಂಜಿನಿಯರಿಂಗ್ ಕಾಲೇಜಿನಿಂದ ಆಗಷ್ಟೇ ಬಂದಿದ್ದ ಉಮೇಶ ಚೀಲ ಕೆಳಗಿಡುತ್ತ ತಂಗಿಗೆ, "ಹಾಕ, ಆಯಿ ಕೇಳಲಿ. ಪದಾ ಕೇಳಿದ್ರ ಏನ ಕಿವಿ ಹರಿತಾವ?" ಎಂದ.

"ನೀನ ಕೇಳಕೋತ ಕುಂಡ್ರು. ನಿಮ್ಮ ಯಲ್ಲಾರಿ, ನಿಮ್ಮ ಹೊಸಾ ಪದಾ."

"ಮೊನ್ನಿ ಮೊನ್ನಿತನಕಾ ನಮ್ಮ ಯಲ್ಲಾರಿ ಅಂತಿದ್ದಿ."

"ಮೊನ್ನಿತನಕಾ ಅಂವ ನಮ್ಮಾಂವ ಇದ್ದ."

ಯಲ್ಲಾರಿ ಹುಕ್ಕೇರಿ ಕಡೆಯ ಕುರುಬರ ಹುಡುಗ. ಡೊಳ್ಳಿನ ಬಡಿತಕ್ಕೆ ಈ ಕಡೆಯ ಮಾತಿನಲ್ಲೇ ರ‍್ಯಾಪ್ ಕಟ್ಟಿ, ಕಬ್ಬಿನ ತೂಕದಲ್ಲಿ ಮೋಸ ಮಾಡುವವರನ್ನು, ಕೈ ಮಾಡಿದರೂ ಬಸ್ ನಿಲ್ಲಿಸದವರನ್ನು, ಕಾಲೇಜು ಹುಡುಗಿಯರಿಗೆ ಸೀಟಿ ಹೊಡೆಯುವವರನ್ನು ಬಾಯಿ ತುಂಬ ಬೈದು ಹೆಸರಾದವನು. ಜನ ಅವನನ್ನು ಖಡಕ್ ಯಲ್ಲಾರಿ ಎನ್ನುತ್ತಿದ್ದರು. ಅವನ ಅಭಿಮಾನಿಗಳ ಗುಂಪಿಗೆ 'ಖಡಕ್ ಮಂದಿ' ಎಂದು ಹೆಸರು. ಉಮೇಶ ಮತ್ತು ಮೂಡಲಗಿಯ ಅವನ ಗೆಳೆಯ ತೌಫೀಕ ಆ ಗುಂಪನ್ನು ಫೋನಿನಲ್ಲಿ ನಡೆಸುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಯಲ್ಲಾರಿ ಒಂದು ದಿನ, ತಾನು ಯೇಸುವನ್ನು ನಂಬಿದ್ದೇನೆ, ಇನ್ನು ಮೇಲೆ ಅವನ ಹಾಡಷ್ಟೇ ಹಾಡುತ್ತೇನೆ ಎಂದು ಹೇಳಿಬಿಟ್ಟ. ಅಂದಿನಿಂದ ಖಡಕ್ ಮಂದಿ ಎರಡು ಪಾಲಾಯಿತು. ಈ ಮನೆಯಲ್ಲಿ ಆ ಎರಡು ಪಾಲು ಒಂದೇ ಹಂಚಿನ ರೊಟ್ಟಿ ತಿನ್ನುತ್ತಿದ್ದವು.

ಕೊನೆಗೆ ಉಮೇಶನೇ ಹಾಡು ಹಚ್ಚಿದ.

*ಹಟ್ಟಿಗಿ ಬಂದಾನ ಕುರುಬಾ, ಎಣಿಸಿ ನೋಡ್ಯಾನ,*
*ಒಂದ ಮರಿ ಕಡಿಮಿ ಐತಿ, ಕೋಲ ಹಿಡದಾನ.*
*ಕತ್ತಲ ಕಣವ್ಯಾಗ ಮರಿ ಕೂಗತೈತಿ,*
*ಉಣ್ಣದ ತಿರುಗಿ ಹೊಂಟಾನ, ಕುರುಬಾ ತಿರುಗಿ ಹೊಂಟಾನ.*

ಸಾವಿತ್ರವ್ವ ಹಂಚಿನ ಮೇಲಿನ ರೊಟ್ಟಿ ಮರೆತು ತಲೆಯಾಡಿಸುತ್ತಿದ್ದಳು. ಕೊನೆಯ ನುಡಿ ಬರುವ ಮೊದಲೇ ದ್ರಾಕ್ಷಾಯಿಣಿ ಫೋನು ಕಸಿದು ಬಂದ್ ಮಾಡಿದಳು. ಯೇಸುವಿನ ಹೆಸರು ಬರುವುದು ಆ ನುಡಿಯಲ್ಲಿ ಮಾತ್ರ. ಸಾವಿತ್ರವ್ವ ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಕುರುಬರ ಹುಡುಗ, ಡೊಳ್ಳಿನ ಬಡಿತ, ಕುರಿಮರಿ, ಕೋಲು. ಇನ್ನೇನು ಬೇಕು? ಅದು ಬೀರದೇವರ ಪದವೇ ಎಂದು ಅವಳು ನಂಬಿದ್ದಳು.

"ಎಂಥಾ ಚಂದ ಹಾಡ್ಯಾನ. ಬೀರಪ್ಪ ಅವನ ನಾಲಿಗಿ ಮ್ಯಾಲ ಕುಂತಾನ," ಎಂದಳು.

ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿದರು. ಆ ಮನೆಯಲ್ಲಿ ಯೇಸು ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ.

ಅದಕ್ಕೆ ಕಾರಣ ಸಾವಿತ್ರವ್ವನ ಕಿರಿಯ ಮಗ ಸತ್ಯಪ್ಪ. ಅವನು ಹುಕ್ಕೇರಿಯಲ್ಲಿ ಸಾಮಾನು ಸಾಗಿಸುವ ಗಾಡಿ ಓಡಿಸಿಕೊಂಡು, ಹೆಂಡತಿ ಸುಜಾತಾಳೊಂದಿಗೆ ಇದ್ದ. ಸುಜಾತಾ ತಿಂಗಳುಗಟ್ಟಲೆ ದವಾಖಾನೆಯಲ್ಲಿ ಮಲಗಿದ್ದಾಗ, ಪಕ್ಕದ ಮಂಚದ ರೋಗಿಯನ್ನು ನೋಡಲು ಬರುತ್ತಿದ್ದ ಹೆಂಗಸೊಬ್ಬಳು ಇವಳಿಗೂ ಗಂಜಿ ತಂದು ಕುಡಿಸಿ, ತಲೆ ಬಾಚಿ, ಪ್ರಾರ್ಥನೆ ಮಾಡಿ ಹೋಗುತ್ತಿದ್ದಳು. ಸುಜಾತಾ ಎದ್ದು ಓಡಾಡುವಂತಾದ ಮೇಲೆ ಗಂಡ ಹೆಂಡತಿ ಭಾನುವಾರದ ಪ್ರಾರ್ಥನೆಗೆ ಹೋಗತೊಡಗಿದರು. ಮುಂದೆ ಬೀರದೇವರ ಪೂಜೆಗೆ ಊರಿಗೆ ಬಂದಾಗ ಸತ್ಯಪ್ಪ ಹಣೆಗೆ ದೇವರ ಅರಿಸಿನದ ಭಂಡಾರ ಹಚ್ಚಿಸಿಕೊಳ್ಳಲಿಲ್ಲ. ತಂದೆ ಬೀರಸಿದ್ದಪ್ಪ ಊರಿನ ಡೊಳ್ಳಿನ ಮೇಳದ ಹಿರಿಯ. ಎಲ್ಲರ ಎದುರಿಗೇ, "ಭಂಡಾರ ಒಲ್ಲದಾವ ನನ್ನ ಹೊಸ್ತಲಾನೂ ತುಳೀಬ್ಯಾಡ," ಎಂದುಬಿಟ್ಟ. ಸತ್ಯಪ್ಪ ತುಳಿಯಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಬಂದ ಬಸ್ಸಿಗೇ ತಿರುಗಿ ಹೋದ.

ಈಗ ಕುರಿಗಳ ಉಣ್ಣೆ ಕತ್ತರಿಸುವ ಕಾಲ ಹತ್ತಿರ ಬಂದಿತ್ತು. ಮನೆಯ ಗಂಡಸರೆಲ್ಲ ಕೂತು ಕತ್ತರಿಸಿ, ಸಂಜೆ ಎಲ್ಲರೂ ಒಟ್ಟಿಗೆ ಹುಗ್ಗಿ ಉಣ್ಣುವ ದಿನ ಅದು. ಎಂದಿನಿಂದಲೂ ಹೆಚ್ಚು ಕುರಿ ಕತ್ತರಿಸುತ್ತಿದ್ದವನು ಸತ್ಯಪ್ಪನೇ. ಈ ಸಲ ಅವನು ಆ ಪಂಕ್ತಿಯಲ್ಲಿ ಕೂರದಿದ್ದರೆ ಇನ್ನೆಂದೂ ಕೂರಲಿಕ್ಕಿಲ್ಲ ಎಂಬುದು ಸಾವಿತ್ರವ್ವನ ಎದೆಯಲ್ಲಿ ಕೂತಿತ್ತು. ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಸೋಮವಾರ ನಸುಕಿನಲ್ಲಿ ಹುಕ್ಕೇರಿಯ ಮೇಲೆ ಹಾದು ಕಾಲೇಜಿಗೆ ಹೊರಡುವ ಉಮೇಶನಿಗೆ ಅವಳು ಡಬ್ಬಿ ಕಟ್ಟಿಕೊಟ್ಟಳು. ಒಬ್ಬ ಹುಡುಗನಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ರೊಟ್ಟಿ.

"ಇಷ್ಟ್ಯಾಕ ಆಯಿ?"

"ನಿನ್ನ ಗೆಳ್ಯಾರು ಇರ್ತಾರಲ್ಲ. ಅವರೂ ತಿನ್ನಲಿ."

ಡಬ್ಬಿ ಮುಂದಿನ ವಾರ ಬರಿದಾಗಿ ಬರುತ್ತಿರಲಿಲ್ಲ. ಉಮೇಶನ ಆ 'ಗೆಳೆಯರು' ಅದರಲ್ಲಿ ಗುರೆಳ್ಳ ಹಿಂಡಿ, ಅಂದರೆ ಹುಚ್ಚೆಳ್ಳಿನ ಚಟ್ನಿಪುಡಿ, ತುಂಬಿ ಕಳಿಸುತ್ತಿದ್ದರು. ಬೆಳ್ಳುಳ್ಳಿಯನ್ನು ಸಿಪ್ಪೆಸಮೇತ ಜಜ್ಜಿ ಹಾಕಿದ ಹಿಂಡಿ. ಹಾಗೆ ಮಾಡುವುದನ್ನು ಸಾವಿತ್ರವ್ವ ಕಲಿಸಿದ್ದು ಕಿರಿಯ ಸೊಸೆಗೆ. ಡಬ್ಬಿ ತೊಳೆಯುವ ಕಸ್ತೂರಿಗೂ ಅದು ತಿಳಿಯುತ್ತಿತ್ತು. ಮಾವ ನೋಡುವ ಮೊದಲೇ ಅವಳು ಹಿಂಡಿಯನ್ನು ತಮ್ಮ ಬರಣಿಯಲ್ಲಿ ಬೆರೆಸಿಬಿಡುತ್ತಿದ್ದಳು.

ಮುಂದಿನ ಶನಿವಾರ ತೌಫೀಕ ಬಂದ. ಅವನ ತಂದೆ ನಿಜಾಮಸಾಬ ಮೂಡಲಗಿಯಲ್ಲಿ ಚಾಕು, ಕುಡುಗೋಲು, ಕತ್ತರಿಗಳಿಗೆ ಸಾಣೆ ಹಿಡಿಯುವವನು. ಸಾಣೆಗೆ ಕೊಟ್ಟಿದ್ದ ಕುರಿ ಕತ್ತರಿಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಕಸ್ತೂರಿ ಅವನಿಗೂ ತಾಟು ಹಾಕಿದಳು. ಉಣ್ಣುತ್ತ ಉಣ್ಣುತ್ತ ಮಾತು ಯಲ್ಲಾರಿಗೇ ಬಂತು.

"ಗುಂಪಿನಾಗ ಇವತ್ತ ಮತ್ತ ಅರ್ಧಾ ಮಂದಿ ಬಿಟ್ಟ ಹ್ವಾದ್ರು," ಎಂದ ತೌಫೀಕ. "ಒಬ್ಬಾಂವ ಬರದಾನ, ಯಲ್ಲಾರಿ ರೊಕ್ಕಾ ತಗೊಂಡಾನ ಅಂತ. ಇನ್ನೊಬ್ಬಾಂವ, ಅಂವಗ ತಲಿ ಕೆಟ್ಟೈತಿ ಅಂತ."

"ಎರಡೂ ಅಲ್ಲ," ಎಂದಳು ದ್ರಾಕ್ಷಾಯಿಣಿ. "ಅಂವ ಅಂಜ್ಯಾನ. ದೊಡ್ಡ ಮಂದೀನ ಬೈದ ಬೈದ ಈಗ ಅಂಜಿ ದೇವರ ಹಿಂದ ಅಡಗ್ಯಾನ. ಬಸ್ಸಿನಾಗ ನಮಗ ತ್ರಾಸ ಕೊಡೋರ ಮ್ಯಾಲ ಪದಾ ಕಟ್ಟಿದ್ದ. ಅದನ್ನ ಹಾಡಿದ್ರ ಹುಡುಗೂರು ಹಿಂದ ಸರೀತಿದ್ರು. ಇನ್ನ ನಾವು ಏನ ಹಾಡೂಣು? ಕುರಿಮರಿ ಅಂತ ಹಾಡೂಣೇನು?"

ಉಮೇಶ ರೊಟ್ಟಿ ಮುರಿದುಕೊಳ್ಳುತ್ತ, "ಅಂವಗ ಏನ ಬೇಕೋ ಅದನ್ನ ಹಾಡ್ತಾನ. ನಿನ್ನ ಆಳಲ್ಲ ಅಂವ," ಎಂದ.

ತೌಫೀಕ ನಕ್ಕ. "ಯವ್ವಾ ತಂಗಿ, ಅಂವ ಕವ್ವಾಲಿ ಹಾಡಿದ್ರ ಈ ಜಗಳಾ ಇಷ್ಟೊತ್ತಿಗೆ ನಮ್ಮ ಮನ್ಯಾಗ ಇರತಿತ್ತು. ನಿಮ್ಮ ಮನ್ಯಾಗ ಆಗಾಕತ್ತೈತಿ ಅಂತ ನಮ್ಮಪ್ಪ ಆರಾಮ ಚಾ ಕುಡ್ಯಾಕತ್ತಾನ."

ಬೀರಸಿದ್ದಪ್ಪ ಅಷ್ಟು ಹೊತ್ತು ಸುಮ್ಮನೆ ಉಣ್ಣುತ್ತಿದ್ದವನು ತಲೆಯೆತ್ತಿದ. ಯಲ್ಲಾರಿ ಯಾವ ಕಡೆ ಹೋಗಿದ್ದಾನೆಂಬುದು ಅವನಿಗೂ ತಿಳಿದಿತ್ತು. ಆದರೆ ಮನೆಯೊಳಗೆ ಅದೇ ಮಾತು ಬೆಳೆಯುವುದು ಬೇಡ ಎಂದು ಅವನು ಹಾಡನ್ನೇ ಹಿಡಿದುಕೊಂಡ.

"ಆ ಪದಾ ಕಟ್ಟಿದಂವ ಕುರಿ ಕಾದಾಂವ ಅಲ್ಲ. ಒಂದ ಮರಿ ಸಲುವಾಗಿ ಎಲ್ಲಾ ಕುರಿ ಬಿಟ್ಟ ಹ್ವಾದ್ರ, ಹಿಂದ ತೋಳಾ ಬಂದ್ರ ಯಾರ ನೋಡೂರು? ಅಂಥಾ ಕುರುಬನ್ನ ನಾಕ ಬಡದು ಮನ್ಯಾಗ ಕುಂಡ್ರಸಬೇಕು."

ಸಾವಿತ್ರವ್ವ ಸಾರು ಬಡಿಸುತ್ತಿದ್ದ ಕೈ ನಿಲ್ಲಿಸಿ ಗಂಡನನ್ನು ನೋಡಿದಳು. 

ಬಟ್ಟೆ ಬಿಚ್ಚಿ ಕತ್ತರಿಗಳನ್ನು ತೆಗೆದಿಡುವಾಗ ತೌಫೀಕ ಗೋಡೆಯ ಗೂಟದ ಕಡೆ ಕೈ ತೋರಿಸಿದ. ಅಲ್ಲಿ ಇನ್ನೊಂದು ಕತ್ತರಿ ತುಕ್ಕು ಹಿಡಿದು ತೂಗುತ್ತಿತ್ತು. "ಅದನ್ನ ಕೊಡ್ಲಿಲ್ಲಲ್ರಿ ಅಜ್ಜಾರ?"

"ಅದು ಎಡಗೈದು. ಈ ಮನ್ಯಾಗ ಅದನ್ನ ಹಿಡ್ಯಾವರಿಲ್ಲ," ಎಂದ ಬೀರಸಿದ್ದಪ್ಪ. ಎದ್ದು ಕೈ ತೊಳೆಯಲು ಹೋದ.

ಸತ್ಯಪ್ಪ ಎಡಚ. ಬಲಗೈ ಕತ್ತರಿಯಲ್ಲಿ ಒದ್ದಾಡುತ್ತಿದ್ದ ಹುಡುಗನಿಗಾಗಿ ಬೀರಸಿದ್ದಪ್ಪನೇ ಹಿಂದೆ ನಿಜಾಮಸಾಬನ ಅಂಗಡಿಯಲ್ಲಿ ದಿನವಿಡೀ ಕೂತು ಅದನ್ನು ಮಾಡಿಸಿ ತಂದಿದ್ದ.

ಅಂದೇ ರಾತ್ರಿ ಗೋಕಾಕದಲ್ಲಿ ಯಲ್ಲಾರಿಯ ಕಾರ್ಯಕ್ರಮವಿತ್ತು. ಉಮೇಶ, ತೌಫೀಕ ಹೋಗಿದ್ದರು. ಮರುದಿನ ಉಮೇಶ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ.

"ಏನಾತು?" ಎಂದಳು ದ್ರಾಕ್ಷಾಯಿಣಿ.

"ಅರ್ಧಾ ಮಂದಿ ಎದ್ದ ಹ್ವಾದ್ರು. ಉಳದೋರು ಹಳೇ ಪದಾ ಹಾಡು ಅಂತ ಒದರಿದ್ರು. ಅಂವ ಹಾಡ್ಲಿಲ್ಲ. ಯಾವನೋ ಚಪ್ಪಲಿ ಒಗದ."

"ಚಪ್ಪಲಿ? ಯಾರ ಒಗದಾವ? ಅಂವಗ ಬಡೀತೇನು?"

"ಬಡೀಲಿಲ್ಲ. ಯಲ್ಲಾರಿ ಅದನ್ನ ಕೈಯಾಗ ತಗೊಂಡು, ಧೂಳಾ ಝಾಡಿಸಿ, 'ಅಣ್ಣಾ, ಒಂದ ಕಾಲಾಗ ಮನಿಗಿ ಹೆಂಗ ಹೋಗತಿ? ಬಾ, ಒಯ್ಯಿ' ಅಂದ."

ದ್ರಾಕ್ಷಾಯಿಣಿಗೆ ನಗು ತಡೆಯಲಾಗಲಿಲ್ಲ. ನಕ್ಕಮೇಲೆ ಸಿಟ್ಟೂ ಬಂತು. "ನೋಡು, ಅದು ಹಳೇ ಯಲ್ಲಾರಿ ಮಾತು. ಬಾಯಿ ಹಂಗ ಐತಿ. ಮತ್ತ್ಯಾಕ ಹಿಂಗ ಮಾಡ್ತಾನಂವ?"

"ನಿನಗ ಅಂವ ಬೇಕೋ, ಅಂವನ ಬೈಗಳಾ ಬೇಕೋ?"

"ಎರಡೂ ಬೇಕು," ಎಂದು ಅವಳು ಎದ್ದು ಹೋದಳು.

ಅದಾದ ಮೇಲಿನ ಶನಿವಾರ ಗುರುಲಿಂಗಪ್ಪ ಮನೆಗೆ ಬಂದ. ಅವನು ಬೀರದೇವರ ಗುಡಿಯ ಪಂಚ. ಬಂದವನು ಕೂರಲಿಲ್ಲ. ಕಸ್ತೂರಿ ಅವನಿಗೆ ಸಕ್ಕರೆ ಕಾಯಿಲೆ ಎಂದು ನೆನಪಿಟ್ಟು ಸಕ್ಕರೆ ಹಾಕದ ಚಹಾ ತಂದಳು. ನಿಂತೇ ಕುಡಿದ.

"ಬೀರಸಿದ್ದಪ್ಪಾ, ನಿಮ್ಮ ಮನ್ಯಾಗ ಏನ ನಡದೈತಿ? ನಿಮ್ಮ ಸಾವಿತ್ರವ್ವ ಸೋಮವಾರದ ಭಜನ್ಯಾಗ ಹೆಣ್ಮಕ್ಕಳಿಗೆಲ್ಲಾ ಹೊಸಾ ಪದಾ ಕಲಿಸ್ಯಾಳ. ಬೀರದೇವರ ಕಟ್ಟಿ ಮ್ಯಾಲ ಕುಂತು ಎಲ್ಲಾರೂ ಚಪ್ಪಾಳಿ ತಟ್ಟಿ ಹಾಡ್ಯಾರ. ನಮ್ಮ ಚನ್ನವ್ವ ಮನ್ಯಾಗ ದನಾ ಹಿಂಡೂ ಮುಂದ ಅದನ್ನ ಹಾಡಾಕತ್ತಾಳ. ನನ್ನ ಮೊಮ್ಮಗ ನಕ್ಕೋತ ಫೋನಿನಾಗ ತೋರಿಸಿದ. ಅದು ಯೇಸು ಪದಾ ಐತಿ."

 ಗುರುಲಿಂಗಪ್ಪ ಬಟ್ಟಲು ಕೆಳಗಿಟ್ಟ.

"ಮೊದಲ ಮಗ. ಈಗ ಮನಿಯಾಕಿ. ಡೊಳ್ಳ ಹಿರ್ಯಾನ ಮನಿ ಇದು. ಮಂದಿ ನನಗ ಕೇಳತಾರ, ನಾ ಏನ ಹೇಳ್ಲಿ?"

ಅವನು ಹೋದ ಮೇಲೆ ಊಟಕ್ಕೆ ಕೂತರೂ ಬೀರಸಿದ್ದಪ್ಪ ತಾಟು ಮುಟ್ಟಲಿಲ್ಲ. ಹಿರಿಯ ಮಗ ಮುತ್ತಪ್ಪ, ಉಮೇಶನ ತಂದೆ, ಮೆತ್ತಗಿನ ಮನುಷ್ಯ, ಅವನೂ ಅಂದು ಕೂಗಾಡಿದ.

"ಆ ಫೋನ ತಗೊಂಡು ಬಾವ್ಯಾಗ ಒಗೀತೇನಿ. ನೀವಿಬ್ಬರೂ ಕೂಡಿ ನಿಮ್ಮ ಆಯೀನ ಊರ ಮುಂದ ನಗಿಪಾಟಲಾ ಮಾಡಿದ್ರಿ."

"ನಾ ಬಂದ್ ಮಾಡ್ತಿದ್ದೆ ಅಪ್ಪಾ," ಎಂದಳು ದ್ರಾಕ್ಷಾಯಿಣಿ.  "ಪ್ರತಿ ಸಲಾ ಬಂದ್ ಮಾಡ್ತಿದ್ದೆ. ಇವನ ಹಚ್ಚತಿದ್ದ. ಆಯೀಗ ಮೊದಲ ಹೇಳಬೇಕಿತ್ತು, ಈ ಮನ್ಯಾಗ ಯಾರ ಹೇಳ್ತೀರಿ? ಆ ಹೆಸರ ಎತ್ತಿದ್ರ ಅಜ್ಜಾ ಊಟಾ ಬಿಟ್ಟ ಏಳತಾನ. ಕಾಕಾನ ಹೆಸರ ಎತ್ತಿದ್ರೂ ಏಳತಾನ."

ಒಲೆಯ ಪಕ್ಕದಲ್ಲಿ ಸಾವಿತ್ರವ್ವ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಯೇಸುಂದು ಅದು?"

"ಹೌದ ಆಯಿ."

"ಅಂವಾನೂ ಕುರಿ ಕಾಯತಿದ್ದನೇನು?"

ಉಮೇಶ ಮೆಲ್ಲಗೆ, "ಹಂಗ ಹೇಳತಾರ ಆಯಿ. ಮನಷಾರ ಅಂದ್ರ ಅವನ ಕುರಿ ಅಂತ," ಎಂದ.

 ನಾಚಿಕೆಯಿಂದ ಸಾವಿತ್ರವ್ವನ ಮುಖ ಕೆಂಪಾಗಿತ್ತು, ಆದರೆ ದನಿ ಶಾಂತವಾಗಿತ್ತು.

"ಹಂಗಾರ ನಮ್ಮ ಸತ್ಯಾನೂ ಐತವಾರಕ್ಕೊಮ್ಮಿ ಇದನ್ನ ಹಾಡ್ತಿರಬೇಕು."

ಆ ಹೆಸರು ಆ ಮನೆಯಲ್ಲಿ ಕೇಳದೆ ಬಹಳ ದಿನವಾಗಿತ್ತು. ಬೀರಸಿದ್ದಪ್ಪ ಏಳಲು ಹೋದ.

"ಕುಂಡರ್ರಿ. ಒಂದ ಮಾತೈತಿ," ಎಂದಳು ಅವಳು. "ನಾಳಿ ಗುಡಿಗಿ ಹೋಗಿ ತಪ್ಪಾತಪ್ಪಾ ಅಂತ ಭಂಡಾರ ಹಚಗೊಂಡ ಬರ್ತೇನಿ. ಬೀರಪ್ಪ ನನ್ನ ಮ್ಯಾಲ ಸಿಟ್ಟ ಮಾಡಾಂವಲ್ಲ. ಆದ್ರ ಆ ದಿನಾ ನೀವಂದ್ರಿ, ಯಾವ ಕುರುಬ ಒಂದ ಮರಿ ಸಲುವಾಗಿ ಉಳದ ಕುರಿ ಬಿಟ್ಟ ಹೊಕ್ಕಾನ ಅಂತ. ನೀವ ಹೋಗಿರಲಿಲ್ಲೇನು?"

"ಯಾವಾಗ?"

"ಘೋಡಗೇರಿ ಹಾದ್ಯಾಗ, ಹಳ್ಳಾ ದಾಟಿದ ಮ್ಯಾಲ. ಮಳಿ ಹೊಡ್ಯಾಕತ್ತಿತ್ತು. ಮುತ್ತಪ್ಪ ನನ್ನ ಹೊಟ್ಯಾಗಿದ್ದ. ಒಂದ ಕುಂಟ ಮರಿ ಆಚೀ ದಂಡಿಗಿ ಉಳೀತು ಅಂತ, ನನ್ನ ಒಬ್ಬಾಕೀನ್ನ ಕುರಿ ನಡುವ ಕುಂಡರಿಸಿ ನೀವ ತಿರುಗಿ ಹ್ವಾದ್ರಿ. ತೋಳಾ ಬಂದ್ರ ಅಂತ ನಾನೂ ಅಂಜಿದ್ದೆ. ಆದ್ರ ಹೋಗಬ್ಯಾಡ್ರಿ ಅನ್ನಲಿಲ್ಲ."

"ಅದು ಮೂಕ ಪ್ರಾಣಿ. ಇಂವ ದೊಡ್ಡಾಂವ. ಹಾದಿ ಗೊತ್ತೈತಿ ಅವಂಗ. ಬರೂದಿದ್ರ ಬರ್ತಾನ."

"ಹಾದಿ ಗೊತ್ತೈತಿ. ಬಾಗಲಾ ನೀವು ಹಾಕೀರಿ."

ಬೀರಸಿದ್ದಪ್ಪ ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡು ಹಟ್ಟಿಯ ಕಡೆ ಹೋದ. ಅವನ ತಾಟಿನ ರೊಟ್ಟಿಯನ್ನು ಕಸ್ತೂರಿ ಬಟ್ಟೆಯಲ್ಲಿ ಸುತ್ತಿ, ಮೇಲೊಂದು ಉಳ್ಳಾಗಡ್ಡಿ ಇಟ್ಟು, ಯಾರಿಗೂ ಹೇಳದೆ ಹಟ್ಟಿಯ ಕಲ್ಲಿನ ಮೇಲೆ ಇಟ್ಟು ಬಂದಳು.

ಮರುದಿನ ಸಾವಿತ್ರವ್ವ ಹೇಳಿದಂತೆಯೇ ಗುಡಿಗೆ ಹೋಗಿ ಬಂದಳು. ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಮಾತು ಕಡಿಮೆಯಾಯಿತು. ಸಾವಿತ್ರವ್ವ ಹಾಡನ್ನು ಬಿಟ್ಟಳು. ದ್ರಾಕ್ಷಾಯಿಣಿ ಯಲ್ಲಾರಿಯ ಹಳೆಯ ಹಾಡುಗಳನ್ನೂ ಹಚ್ಚಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಮಾತ್ರ ಉಳಿಯಿತು. ಅದು ಎಲ್ಲರಿಗೂ ಜಗಳಕ್ಕಿಂತ ಬೇಸರವಾಗಿತ್ತು. ಭಜನೆಗೆ ಹೋಗಲು ಸಾವಿತ್ರವ್ವ ಹಿಂಜರಿದಾಗ ಗುರುಲಿಂಗಪ್ಪನ ಹೆಂಡತಿ ಚನ್ನವ್ವನೇ ಬಂದು, "ಬಾರಬೇ, ನೀ ಬರದಿದ್ರ ದನಿ ಎತ್ತಾವ್ರಿಲ್ಲ," ಎಂದು ಕೈ ಹಿಡಿದು ಕರೆದೊಯ್ದಳು.

ಉಮೇಶ ಮತ್ತೆ ಬಂದ ಶನಿವಾರ ಮುತ್ತಪ್ಪ ಅಂಗಳದಲ್ಲಿ ಒಂದು ಟಗರನ್ನು ಕೆಡವಿಕೊಂಡು ಕತ್ತರಿ ಹಿಡಿದು ನೋಡುತ್ತಿದ್ದ. ಅವನ ಕೈಗೆ ಆ ಕೆಲಸ ಎಂದೂ ಹತ್ತಿರಲಿಲ್ಲ. ಟಗರಿನ ಪಕ್ಕೆಯಲ್ಲಿ ಎರಡು ಕಡೆ ಗೀರಿ ರಕ್ತ ಬಂದಿತ್ತು. ಬೀರಸಿದ್ದಪ್ಪ ಕತ್ತರಿ ಇಸಿದುಕೊಂಡ. ವಯಸ್ಸಾದ ಬೆರಳುಗಳಿಗೆ ಹಿಡಿತ ಸಿಗದೆ ಅದನ್ನು ಕೆಳಗಿಟ್ಟ. ಗಾಯಕ್ಕೆ ಅರಿಸಿನ ಹಚ್ಚಿ ಟಗರನ್ನು ಬಿಟ್ಟುಬಿಟ್ಟ.

"ಹೊರಗಿನವರನ್ನ ಕರಸೂಣು ಅಪ್ಪಾ," ಎಂದ ಮುತ್ತಪ್ಪ. "ಪಗಾರ ಕೊಟ್ರಾತು."

"ನಮ್ಮ ಕುರೀಗಿ ಹೊರಗಿನವರ ಕೈಯಾ?"

"ಮತ್ತ ಏನ ಮಾಡೂದು? ನೀವ ಹೇಳ್ರಿ."

 ಬೀರಸಿದ್ದಪ್ಪ ಕಟ್ಟೆಯ ಮೇಲೆ ಹೋಗಿ ಕೂತ. ಎಲೆ ಅಡಿಕೆ ಹಾಕಿಕೊಂಡ, ಉಗುಳಿದ, ಮತ್ತೆ ಹಾಕಿಕೊಂಡ. ಒಳಗೆ ಸಾವಿತ್ರವ್ವ ಅಕ್ಕಿ ಆರಿಸುತ್ತಿದ್ದಳು.

"ಉಮ್ಯಾ," ಎಂದು ಅವನು ಕರೆದ. "ತೌಫೀಕಂದು ಫೋನ ನಂಬರ ಐತೇನ?"

"ಐತಿ ಅಜ್ಜಾ. ಯಾಕ?"

"ಅವರಪ್ಪಗ ಹೇಳು, ಇನ್ನೊಂದ ಕತ್ತರಿ ಸಾಣಿ ಹಿಡೀಬೇಕು ಅಂತ. ನಾಳಿಗೇ."

"ಎಲ್ಲಾ ಹಿಡದ ಕೊಟ್ಟಾರಲ್ಲ. ಯಾವುದು?"

ಬೀರಸಿದ್ದಪ್ಪ ತಿರುಗಿ ನೋಡದೆ ಕೈಯನ್ನು ಹಿಂದೆ ಗೋಡೆಯ ಕಡೆ ಮಾಡಿದ. "ಗೂಟಕ್ಕಿದ್ದದ್ದು."

ಒಳಗೆ ಮೊರದ ಸದ್ದು ನಿಂತಿತು. ದ್ರಾಕ್ಷಾಯಿಣಿ ಬಾಗಿಲಿಗೆ ಬಂದು ನಿಂತಳು. ಉಮೇಶ ಗೂಟದಿಂದ ಕತ್ತರಿ ಇಳಿಸಿದ. ತುಕ್ಕು ಅವನ ಬೆರಳಿಗೆ ಹತ್ತಿತು.

"ಸಾಣಿ ಹಿಡದ ಮ್ಯಾಲ ಇಲ್ಲಿಗೆ ತರ್ಲೇನ ಅಜ್ಜಾ?"

"ಇಲ್ಲಿ ಯಾರ ಹಿಡೀತಾರ ಅದನ್ನ? ನೀ ಹೆಂಗೂ ಆ ಕಡೀ ಹೊಕ್ಕಿ. ಹುಕ್ಕೇರ್ಯಾಗ ಕೊಟ್ಟ ಹೋಗು."

"ಏನ ಹೇಳಿ ಕೊಡ್ಲಿ?"

"ಏನೂ ಹೇಳಬ್ಯಾಡ. ಐತವಾರ ಕತ್ತರಸೂದಿಲ್ಲ, ಅವತ್ತ ಅವಂಗ ಕೆಲಸ ಇರತೈತಿ. ಶುಕ್ರವಾರ ಐತಿ ಅಂತ ಹೇಳು, ಅಷ್ಟ."

ಉಮೇಶ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತತೊಡಗಿದ. ಆಗ ಒಳಗಿನಿಂದ ಸಾವಿತ್ರವ್ವನ ದನಿ ಬಂತು.

"ಇಬ್ಬರೂ ಬರ್ರಿ ಅಂತ ಹೇಳು."

ಅಂಗಳದಲ್ಲಿ ಟಗರು ಒಮ್ಮೆ ಮೈ ಕೊಡವಿತು. ಬೀರಸಿದ್ದಪ್ಪ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಬಂದು, ಸಿಟ್ಟಿನಿಂದಲೇ ಹೇಳಿದ:

"ಇಬ್ಬರೂ ಅಂತನ ಅಲ್ಲೇನ ನಾ ಹೇಳಿದ್ದು? ಈ ಮನ್ಯಾಗ ನನ್ನ ಮಾತ ಯಾರೂ ನೆಟ್ಟಗ ಕೇಳೂದಿಲ್ಲ."

ಅವನು ಹಾಗೆ ಹೇಳಿರಲಿಲ್ಲ. ಯಾರೂ ಎದುರಾಡಲಿಲ್ಲ.